ಸ್ವೆಟರಿನ ಲೇಬಲ್

ಇಸ್ರೇಲ್‌ಗೆ ಕೇರ್‌ಗಿವರ್ ಕೆಲಸಕ್ಕೆ ಹೋಗುವವರಿಗೆ ನಾನು ಈಗ ಮಂಗಳೂರಿನಲ್ಲಿ ತರಬೇತಿ ಕೊಡುತ್ತೇನೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ದಿನಕ್ಕೆ ಬೇಕಾಗುವಷ್ಟು ಹೀಬ್ರೂ. ಹೋದ ವಾರ ಒಬ್ಬಳು ಹುಡುಗಿ ಕೇಳಿದಳು: "ಅಕ್ಕಾ, ನೀವು ಅಲ್ಲಿದ್ದಾಗ ಸಿರಿಯಾದವರಿಗೆ ಚಿಕಿತ್ಸೆ ಕೊಡ್ತಿದ್ರಂತೆ. ಶತ್ರು ದೇಶದವರಿಗೆ ಯಾಕೆ ಕೊಡ್ಬೇಕು?" ಕ್ಲಾಸಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋದದ್ದು 2012ರಲ್ಲಿ. ನಮ್ಮ ಮಂಗಳೂರು, ಉಡುಪಿ ಕಡೆಯವರು ಅಲ್ಲಿ ಆಗಲೇ ತುಂಬಾ ಜನ ಇದ್ದರು. ನನಗೆ ಸಿಕ್ಕಿದ್ದು ಉತ್ತರದ ಹೂಲಾ ಕಣಿವೆಯ ಒಂದು ಕಿಬ್ಬುತ್ಸ್‌ನ, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ಹಳ್ಳಿಯ, ಮನೆ. ಎಂಬತ್ತರ ಹತ್ತಿರದ ಅಜ್ಜಿ. ಅವರನ್ನು 'ಸಾವ್ತಾ' ಅನ್ನುತ್ತಿದ್ದೆ, ಹೀಬ್ರೂವಿನಲ್ಲಿ ಅಜ್ಜಿ ಅಂತಲೇ ಅರ್ಥ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಎದುರಿಗೇ ಗೋಲನ್ ಗುಡ್ಡ. 1967ರ ಯುದ್ಧದಲ್ಲಿ ಇಸ್ರೇಲ್ ಕೈಗೆ ಬರುವವರೆಗೆ ಆ ಗುಡ್ಡದ ಮೇಲೆ ಸಿರಿಯಾದ ಫಿರಂಗಿಗಳಿದ್ದವು. ಅಜ್ಜಿಯ ಮಕ್ಕಳು ಎಷ್ಟೋ ರಾತ್ರಿ ನಿದ್ದೆ ಮಾಡಿದ್ದು ನೆಲದಡಿಯ ಬಂಕರಿನಲ್ಲಿ. 1973ರ ಯುದ್ಧದಲ್ಲಿ ಅಜ್ಜಿಯ ತಮ್ಮ ಅದೇ ಗುಡ್ಡದ ಮೇಲೆ ತೀರಿಹೋದ. ಅವನ ಫೋಟೋ ಹಾಲ್‌ನಲ್ಲಿತ್ತು, ಪ್ರತಿ ಶುಕ್ರವಾರ ನಾನೇ ಒರೆಸುತ್ತಿದ್ದೆ. ಎರಡು ದೇಶಗಳ ನಡುವೆ 1948ರಿಂದ ಶಾಂತಿ ಒಪ್ಪಂದ ಅಂತ ಒಂದು ಆಗಿಯೇ ಇಲ್ಲ.

ಆ ಗುಡ್ಡದ ಆಚೆ 2011ರ ಮಾರ್ಚ್‌ನಿಂದ ಸಿರಿಯಾದವರದ್ದೇ ಒಳಜಗಳ ಹೊತ್ತಿ ಉರಿಯುತ್ತಿತ್ತು. ಶುರುವಾಗಿದ್ದು ದರಾ ಅನ್ನುವ ಊರಿನಲ್ಲಿ, ದೂರವೇನಲ್ಲ. ಕೆಲವು ರಾತ್ರಿ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. 2013ರ ಫೆಬ್ರವರಿ 16ರಂದು ಗಾಯಗೊಂಡ ಏಳು ಜನ ಸಿರಿಯಾದವರು ಗಡಿಬೇಲಿಯ ಹತ್ತಿರ ಬಂದರು. ಇಸ್ರೇಲ್ ಸೈನ್ಯ ಅವರನ್ನು ನಮ್ಮ ಕಡೆಯ ಸಫೇದ್ ಊರಿನ ಜಿವ್ ಆಸ್ಪತ್ರೆಗೆ ಸೇರಿಸಿತು. ಅಲ್ಲಿಂದ ಇದು ನಿಲ್ಲಲಿಲ್ಲ.

2014ರ ಚಳಿಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂರು ವಾರ ನಾನೂ ಅದೇ ಆಸ್ಪತ್ರೆಯಲ್ಲೇ ಇದ್ದೆ. ನಮ್ಮ ರೂಮಿನಿಂದ ಎರಡು ಬಾಗಿಲು ಆಚೆ ಒಬ್ಬ ಸೈನಿಕ ಕುರ್ಚಿ ಹಾಕಿ ಕೂತಿರುತ್ತಿದ್ದ. ಒಳಗೆ ಸಿರಿಯಾದ ಎಂಟು ವರ್ಷದ ಒಂದು ಹುಡುಗಿ, ಅವಳ ಅಮ್ಮ. ಹುಡುಗಿಯ ಬಲಗಾಲಿಗೆ ಚರ್ಮದ ಹೊರಗಿನಿಂದಲೇ ಕಬ್ಬಿಣದ ಸಲಾಕೆ, ಸ್ಕ್ರೂ. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅಮ್ಮ ಕುರ್ಚಿಯಲ್ಲೇ ಕೂತು ಒಂದು ಕೈ ಮಗುವಿನ ಹಣೆಯ ಮೇಲಿಟ್ಟು ತೂಕಡಿಸುತ್ತಿದ್ದಳು. ಯಾರಾದರೂ ಬಾಗಿಲು ತೆಗೆದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು.

ಅಜ್ಜಿಯ ಮಗನಿಗೆ ಇದು ಸರಿ ಕಾಣುತ್ತಿರಲಿಲ್ಲ. "ಖರ್ಚು ನಮ್ಮ ಸರ್ಕಾರದ್ದು. ಮಗುವಿನ ಬಗ್ಗೆ ನಾನು ಮಾತಾಡಲ್ಲ. ಆದರೆ ಪಕ್ಕದ ರೂಮಿನ ಗಂಡಸು ಯಾರು? ಗುಣವಾಗಿ ಹೋಗಿ ನಾಳೆ ಬಂದೂಕು ಹಿಡಿದು ಬಂದರೆ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಭಯ ಸುಳ್ಳೂ ಅಲ್ಲ. ಮುಂದಿನ ವರ್ಷ, 2015ರ ಜೂನ್‌ನಲ್ಲಿ, ಗೋಲನ್‌ನ ಮಜ್ದಲ್ ಶಮ್ಸ್ ಹತ್ತಿರ ದ್ರೂಜ್ ಅನ್ನುವ ಅರಬ್ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದ ಜನ ಸಿರಿಯಾದ ಗಾಯಾಳುಗಳ ಆಂಬುಲೆನ್ಸ್ ತಡೆದು ಹೊಡೆದರು. ಒಬ್ಬ ಸಿರಿಯಾದವ ಅಲ್ಲೇ ಸತ್ತ. ಗಡಿಯಾಚೆ ಅವರ ನೆಂಟರ ಊರಿನ ಮೇಲೆ ನುಸ್ರಾ ಅನ್ನುವ, ಅಲ್ ಖೈದಾ ನಂಟಿನ ಬಂಡುಕೋರ ಗುಂಪಿನವರ ಕಣ್ಣಿತ್ತು. ಅದೇ ಗುಂಪಿನವರಿಗೆ ಇಲ್ಲಿ ಮದ್ದು ಹಾಕುತ್ತಿದ್ದಾರೆ ಅಂತ ಅವರ ಸಿಟ್ಟು. ಹೊಡೆದದ್ದು ತಪ್ಪು. ಆದರೆ ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಒಂದು ಮಧ್ಯಾಹ್ನ ಆ ಹುಡುಗಿ ಮೊದಲ ಸಲ ನಕ್ಕಳು. ನರ್ಸ್ ಒಬ್ಬರು ಕೈಗವಸಿಗೆ ಗಾಳಿ ತುಂಬಿ ಬಲೂನು ಮಾಡಿ ಕೊಟ್ಟಿದ್ದರು. ನಾನು ಬಾಗಿಲಿನಿಂದಲೇ ಫೋನ್ ತೆಗೆದು ಫೋಟೋ ಹೊಡೆದೆ. ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಇಲ್ಲಿ ಎಂಥಾ ಒಳ್ಳೆ ಕೆಲಸ ನಡೀತಿದೆ ಅಂತ ಎಲ್ಲರೂ ನೋಡಲಿ ಅಂತ. ಅಮ್ಮ ಕೂಡಲೇ ಮುಸುಕು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗಾಡುತ್ತಿತ್ತು.

ಆ ನರ್ಸ್ ಉತ್ತರ ಇಸ್ರೇಲಿನ ಗಲಿಲಿ ಪ್ರದೇಶದ ಅರಬ್ ಹಳ್ಳಿಯವರು. ನನ್ನನ್ನು ಹೊರಗೆ ಕರೆದು ಕೈ ಚಾಚಿದರು. ಫೋನ್ ಕೊಟ್ಟೆ. ಫೋಟೋ ಅಳಿಸಿ ವಾಪಸ್ ಕೊಟ್ಟು ಹೇಳಿದರು: "ಇವರು ಇಲ್ಲಿಗೆ ಬಂದಿದ್ದಾರೆ ಅಂತ ಊರಿನಲ್ಲಿ ಗೊತ್ತಾದರೆ ಮುಗೀತು. ಶತ್ರುವಿನ ಜೊತೆ ಸೇರಿದವರು ಅಂತಾರೆ. ಊರಲ್ಲಿ ಇನ್ನೂ ಇಬ್ಬರು ಗಂಡುಮಕ್ಕಳಿದ್ದಾರೆ ಅವಳಿಗೆ. ಜೋರ್ಡಾನ್‌ಗೆ ಹೋಗಿದ್ವಿ ಅಂತ ಹೇಳೋದು ಅಂದುಕೊಂಡಿದ್ದಾಳೆ." ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಅಜ್ಜಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನಿಗೆ ಫೋನ್ ಮಾಡಿ ಒಂದು ಸ್ವೆಟರ್ ತರಿಸಿದರು, ಹೊಸದು, ಹಳದಿ ಬಣ್ಣದ್ದು. ಜೊತೆಗೆ ತಮ್ಮ ಹೊಲಿಗೆ ಡಬ್ಬಿ. ಮಗ ಎರಡನ್ನೂ ತಂದು ಮಂಚದ ಮೇಲಿಟ್ಟು ಹೋದ. ಅವನ ಅಭಿಪ್ರಾಯ ಆಮೇಲೂ ಬದಲಾಗಲಿಲ್ಲ.

ಕುತ್ತಿಗೆ ಹತ್ತಿರದ ಲೇಬಲ್ ಅನ್ನು ನಾನು ಸಣ್ಣ ಕತ್ತರಿಯಿಂದ ಕತ್ತರಿಸಿದೆ. ಅಜ್ಜಿ ಒಪ್ಪಲಿಲ್ಲ. ಹೊಲಿಗೆ ಬಿಚ್ಚಿ, ದಾರದ ಚೂರು ಕೂಡ ಉಳಿಯಬಾರದು ಅಂದರು. ಬಿಚ್ಚಿ ತೋರಿಸಿದೆ. "ಒಳಗೆ, ಎಡಗಡೆ ಹೊಲಿಗೆಯಲ್ಲಿ ನೋಡು" ಅಂದರು. ನಿಜ, ಒಗೆಯುವ ರೀತಿ ಬರೆದ ಇನ್ನೊಂದು ಪುಟ್ಟ ಪಟ್ಟಿ ಇತ್ತು, ಹೀಬ್ರೂ ಅಕ್ಷರದಲ್ಲಿ. ಅದೂ ಹೋಯಿತು. ಅಷ್ಟು ಹೊತ್ತಿಗೆ ನರ್ಸ್ ಕೂಡ ಹುಡುಗಿಯ ಮಾತ್ರೆಗಳನ್ನು ಹೀಬ್ರೂ ಡಬ್ಬಿಗಳಿಂದ ತೆಗೆದು ಖಾಲಿ ಕವರಿಗೆ ಹಾಕುತ್ತಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಆ ರೂಮು ಖಾಲಿ. ರಾತ್ರಿಯೇ ಗಡಿ ದಾಟಿಸಿದ್ದರು.

ನೆರವು ಕೊಡಬೇಕೇ ಬೇಡವೇ ಅಂತ ಕೇಳುವವರಿಗೆ ನಾನು ಕೊಡಬೇಕು ಅಂತಲೇ ಹೇಳುತ್ತೇನೆ. ಆದರೆ ಆ ಮೂರು ವಾರದಲ್ಲಿ ನಾನು ಕಲಿತದ್ದು ಬೇರೆ: ಕೊಟ್ಟದ್ದನ್ನು ತೆಗೆದುಕೊಂಡವರು ಹೆದರದೆ ಮನೆಗೆ ಒಯ್ಯುವ ಹಾಗಿರಬೇಕು. ಅವತ್ತಿನಿಂದ ಯಾವ ರೋಗಿಯ ಫೋಟೋವನ್ನೂ ನಾನು ತೆಗೆದಿಲ್ಲ. ತರಬೇತಿಗೆ ಬರುವ ಹುಡುಗಿಯರಿಗೂ ಮೊದಲ ದಿನವೇ ಇದನ್ನು ಹೇಳುತ್ತೇನೆ, ಮಗ್ಗುಲು ಬದಲಿಸುವುದನ್ನು ಕಲಿಸುವುದಕ್ಕೂ ಮುಂಚೆ.

ಅಲ್ಲಿ ನಡೆದದ್ದು ಬರೀ ಪುಣ್ಯದ ಕೆಲಸ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಸೈನ್ಯ ಇದಕ್ಕೆ 'ಒಳ್ಳೆಯ ನೆರೆಯವ' ಅಂತ ಹೆಸರಿಟ್ಟು ಹಿಟ್ಟು, ಬಟ್ಟೆ, ಡೀಸೆಲ್ ಎಲ್ಲ ಗಡಿಯಾಚೆ ಕಳಿಸಿತು. ಗಡಿ ಶಾಂತವಾಗಿರಲಿ, ಸಿರಿಯಾ ಸರ್ಕಾರದ ಬೆನ್ನಿಗಿದ್ದ ಇರಾನ್ ಕಡೆಯವರು ಹತ್ತಿರ ಬರದಿರಲಿ ಅನ್ನುವ ಲೆಕ್ಕಾಚಾರವೂ ಇತ್ತು. ಕೆಲವು ಬಂಡುಕೋರ ಗುಂಪುಗಳಿಗೆ ನೆರವು ಹೋಗುತ್ತಿದ್ದದ್ದೂ ಆಮೇಲೆ ಹೊರಬಂತು. ಇರಲಿ. ಆ ಐದೂವರೆ ವರ್ಷದಲ್ಲಿ 4,000ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿತು, ಅದರಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು. ಲೆಕ್ಕಾಚಾರ ಇತ್ತು ಅಂತ ಆ ಕಾಲಿನ ಸ್ಕ್ರೂ ಸುಳ್ಳಾಗುವುದಿಲ್ಲ ಅಲ್ವಾ.

ನನಗೆ ಒಪ್ಪಲಾಗದ್ದು ಒಂದಿದೆ. ಗಾಯವಾದವರನ್ನು ಒಳಗೆ ಬಿಟ್ಟರು, ನಿರಾಶ್ರಿತರನ್ನು ಬಿಡಲಿಲ್ಲ. 2018ರ ಬೇಸಿಗೆಯಲ್ಲಿ ಸಿರಿಯಾ ಸರ್ಕಾರದ ಸೈನ್ಯ ದರಾ ಕಡೆಯಿಂದ ಬಾಂಬ್ ಹಾಕುತ್ತಾ ಬಂದಾಗ ಲಕ್ಷಕ್ಕೂ ಹೆಚ್ಚು ಜನ ಗೋಲನ್ ಗಡಿಯ ಕಡೆ ಓಡಿಬಂದು ಬಯಲಲ್ಲಿ ಉಳಿದರು. ಇಸ್ರೇಲ್ ಟೆಂಟ್, ಊಟ, ಔಷಧಿ ಕಳಿಸಿತು. ಬೇಲಿ ತೆಗೆಯಲಿಲ್ಲ. ಎಲ್ಲರನ್ನೂ ಒಳಗೆ ಬಿಡಲು ಸಣ್ಣ ದೇಶಕ್ಕೆ ಕಷ್ಟ, ಒಪ್ಪುತ್ತೇನೆ. ಮಕ್ಕಳಿರುವ ಕೆಲವು ಕುಟುಂಬಗಳನ್ನಾದರೂ ಬಿಡಬಹುದಿತ್ತು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಜುಲೈನ ಒಂದು ಸಂಜೆ ಟಿವಿಯಲ್ಲಿ ತೋರಿಸಿದರು. ಹೆಂಗಸರು, ಮಕ್ಕಳು ಬಿಳಿ ಬಟ್ಟೆ ಬೀಸುತ್ತಾ ಬೇಲಿಯ ಹತ್ತಿರ ಬಂದಿದ್ದರು. ಸೈನಿಕರು ವಾಪಸ್ ಹೋಗಿ ಅಂದರು. ಅವರು ತಿರುಗಿ ನಡೆದರು. ನಾನು ಅಜ್ಜಿಗೆ ಸೂಪ್ ಕುಡಿಸುತ್ತಿದ್ದೆ. ಅವರು ಚಮಚವನ್ನು ಪಕ್ಕಕ್ಕೆ ಸರಿಸಿ, ಟಿವಿಗೆ ಹತ್ತಿರ ಬಾಗಿ, ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದರು.

"ಅವಳಿಗೆ ಈಗ ಹನ್ನೆರಡು ಆಗಿರಬೇಕು" ಅಂದರು.