ವಿರೂಪಾಕ್ಷ ಇಲ್ಲೂ ಇದ್ದಾನೆ

ಇವತ್ತು ಜಪಾನಿನ ಒಸಾಕಾದಲ್ಲಿರೋ ಶಿತೆನ್ನೋಜಿ ಅನ್ನೋ ಬೌದ್ಧ ಗುಡಿಗೆ ಹೋಗಿದ್ದೆ.

ಶಿತೆನ್ನೋ ಅಂದ್ರೆ ನಾಲ್ಕು ದಿಕ್ಕು ಕಾಯೋ ದೇವರಾಜರು. ಅವರ ಸಂಸ್ಕೃತ ಹೆಸರು ಓದ್ತಾ ಹೋದೆ. ಧೃತರಾಷ್ಟ್ರ, ವಿರೂಢಕ, ವೈಶ್ರವಣ... ಪಶ್ಚಿಮ ಕಾಯೋನು ವಿರೂಪಾಕ್ಷ!

ಅಲ್ಲೇ ನಿಂತುಬಿಟ್ಟೆ. ಹಂಪಿಯಲ್ಲಿ ಅದು ಶಿವನ ಹೆಸರು. ಇಲ್ಲಿ ಕೋಮೊಕುತೆನ್ ಅಂತಾರೆ.

ಈ ಗುಡಿಯ ಕಥೆ ಶುರುವಾಗೋದು 587ರ ಯುದ್ಧದಿಂದ, ಬೌದ್ಧ ಧರ್ಮ ಬೇಕು ಅನ್ನೋರಿಗೂ ಬೇಡ ಅನ್ನೋರಿಗೂ ನಡೆದದ್ದು. ರಾಜಕುಮಾರ ಶೋತೊಕುಗೆ ಆಗ 14ರ ಆಸುಪಾಸು. ಮರದಲ್ಲಿ ಈ ನಾಲ್ವರ ಮೂರ್ತಿ ಕೆತ್ತಿ, ತಲೆಗೂದಲಿಗೆ ಸಿಕ್ಕಿಸ್ಕೊಂಡು, ಗೆದ್ರೆ ನಿಮಗೆ ಗುಡಿ ಕಟ್ತೀನಿ ಅಂತ ಹರಕೆ ಹೊತ್ತನಂತೆ. ಗೆದ್ದ. 593ರಲ್ಲಿ ಗುಡಿ ಕಟ್ಟೋಕೆ ಶುರುವಾಯ್ತು.

ನನಗೆ ಆ ಕೂದಲಲ್ಲಿದ್ದ ಮೂರ್ತಿಗಳೇ ಕಣ್ಮುಂದೆ. ಎಷ್ಟು ಪುಟ್ಟವಿರಬೇಕು! ಆಚೆ ಕತ್ತಿ, ಬಾಣ. ಈಚೆ ಒಬ್ಬ ಹುಡುಗ ಮರ ಕೆತ್ತುತ್ತಾ ಕೂತಿದ್ದಾನೆ. ಕೈ ನಡುಗಿರಲ್ವಾ?

1934ರ ಚಂಡಮಾರುತಕ್ಕೆ ಗೋಪುರ ಬಿತ್ತು. 1945ರ ಬಾಂಬ್ ದಾಳಿಗೆ ಗುಡಿ ಸುಟ್ಟುಹೋಯ್ತು. ಈಗಿರೋದು ಕಾಂಕ್ರೀಟಿನದು. ಆದ್ರೂ ಬಾಗಿಲು, ಗೋಪುರ, ಗರ್ಭಗುಡಿ, ಎಲ್ಲಾ ಒಂದೇ ನೇರಕ್ಕೆ, ಹಳೇ ಕಾಲದ ಹಾಗೇ.

ಸಂಜೆ ಪಶ್ಚಿಮದ ಕಲ್ಲಿನ ಕಮಾನಿನ ಹತ್ರ ಕೂತು ಅಮ್ಮನಿಗೆ ಫೋನ್ ಮಾಡ್ದೆ.

"ವಿರೂಪಾಕ್ಷ ಇಲ್ಲೂ ಇದ್ದಾನಮ್ಮ."

"ಹೌದಾ? ಕೈ ಮುಗಿದ್ಯಾ?"