ಒಂದು ನಿಮಿಷ ಕಾಯುವ ಪರೀಕ್ಷೆ

ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ, ಕ್ಯಾನ್ಸರ್ ತಪಾಸಣೆ ಇರುವ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಆಗಬೇಕಾದ ಕೆಲಸ ಆಸಿಡ್ ಬೆರೆಸುವುದು. ಅದನ್ನು ಗರ್ಭಕಂಠಕ್ಕೆ ಹಚ್ಚಿ, ಎಲ್ಲಾದರೂ ಬಿಳಿಯಾಗುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವುದೇ ವಿ.ಐ.ಎ. ಪರೀಕ್ಷೆ. 95 ಎಂ.ಎಲ್. ಡಿಸ್ಟಿಲ್ಡ್ ವಾಟರಿಗೆ 5 ಎಂ.ಎಲ್. ಗ್ಲೇಶಿಯಲ್ ಅಸಿಟಿಕ್ ಆಸಿಡ್. ಬೆರೆಸಿದ ಮೇಲೆ ಅದು ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಷ್ಟೇ ಹುಳಿ. ಅವತ್ತಿನದು ಅವತ್ತಿಗೇ, ಸಂಜೆ ಉಳಿದದ್ದು ಸಿಂಕಿಗೆ. ನೀರು ಬೆರೆಸದ ಆಸಿಡ್ ಅಪ್ಪಿತಪ್ಪಿ ಬಳಕೆಯಾದರೆ ಒಳಚರ್ಮ ಸುಡುತ್ತದೆ. ತೀರಾ ತೆಳುವಾಗಿದ್ದರೆ ಬಿಳಿಯಾಗಬೇಕಾದ ಜಾಗ ಬಿಳಿಯಾಗದೆ, ತೊಂದರೆ ಇದ್ದವರ ಚೀಟಿಯಲ್ಲೂ ‘ನಾರ್ಮಲ್’ ಎಂದೇ ಬೀಳುತ್ತದೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಕರೆತಂದವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಈ ಪರೀಕ್ಷೆ. ಮುಟ್ಟಾಗಿದ್ದರೆ ಮುಂದಿನ ವಾರ ಬರಹೇಳುತ್ತಾರೆ, ರಕ್ತದ ನಡುವೆ ಏನೂ ಕಾಣುವುದಿಲ್ಲ. ಹಿಂದಿನ ಎರಡು ದಿನ ಗಂಡನ ಜೊತೆ ಕೂಡಿರಬಾರದು, ಒಳಗೆ ಕ್ರೀಮು, ಮಾತ್ರೆ ಇಟ್ಟುಕೊಂಡಿರಬಾರದು. ಇದನ್ನು ಮೊದಲೇ ಹೇಳಿ ಕಳಿಸುವವರು ಕಡಿಮೆ.

“ಆಪರೇಷನ್ ಆಗಿದೆ ಸಿಸ್ಟರ್, ನಂಗ್ಯಾಕೆ ಇದು?” ಎಂಬ ಮಾತನ್ನು ಕೆದಕಿ ನೋಡಲೇಬೇಕು. ಎಷ್ಟೋ ಸಲ ಅದು ಮಕ್ಕಳಾಗದಂತೆ ಮಾಡಿಸಿದ ಆಪರೇಷನ್. ಅದರಲ್ಲಿ ಗರ್ಭನಾಳವನ್ನಷ್ಟೇ ಮುಚ್ಚಿರುತ್ತಾರೆ, ಗರ್ಭಚೀಲದ ಬಾಯಿ ಇದ್ದ ಹಾಗೇ ಇರುತ್ತದೆ. ಗರ್ಭಚೀಲವನ್ನೇ ತೆಗೆಸಿದವರಲ್ಲೂ ಕೆಲವರಿಗೆ ಬಾಯಿಯ ಭಾಗ ಉಳಿಸಿರುತ್ತಾರೆ. ಹಳೆಯ ಡಿಸ್ಚಾರ್ಜ್ ಚೀಟಿ ತಂದರೆ ತಿಳಿಯುತ್ತದೆ.

ಪರದೆಯ ಒಳಗೆ ಹೋಗುವ ಮೊದಲು ಮೂತ್ರ ಮಾಡಿ ಬರಬೇಕು. ತುಂಬಿದ ಮೂತ್ರಚೀಲ ಒತ್ತಿದರೆ ನೋವು ಹೆಚ್ಚು. ಸೀರೆ ಬಿಚ್ಚುವುದು ಬೇಡ, ಮೇಲೆತ್ತಿಕೊಂಡರೆ ಸಾಕು, ಹೊದೆಯಲು ಬಟ್ಟೆ ಕೊಡಬೇಕು. ಕೊಡದಿದ್ದರೆ ಕೇಳಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ತೊಡೆ ಅಗಲಿಸಬೇಕು. ಸ್ಪೆಕ್ಯುಲಂ ಎಂದರೆ ಬಾತುಕೋಳಿಯ ಕೊಕ್ಕಿನಂಥ ಎರಡು ತಗಡು. ಬಿಸಿನೀರಿನಲ್ಲಿ ತೊಯಿಸಿ, ಮುಚ್ಚಿದ ಹಾಗೇ ಒಳಗೆ ಬಿಟ್ಟು, ಆಮೇಲೆ ನಿಧಾನ ಬಿಡಿಸುತ್ತಾರೆ. ನೋವಿಗಿಂತ ಒತ್ತಿದ ಹಾಗೆ, ಬಿಗಿದ ಹಾಗೆ ಅನಿಸುವುದೇ ಹೆಚ್ಚು. ಹೆದರಿ ಸೊಂಟ ಎತ್ತಿದರೆ ಇನ್ನೂ ಬಿಗಿಯುತ್ತದೆ. ಬಾಯಿಂದ ಉಸಿರು ಬಿಟ್ಟು ಪಿರ್ರೆಯನ್ನು ಮಂಚಕ್ಕೆ ಊರಿದರೆ ಸಡಿಲವಾಗುತ್ತದೆ. ತೀರಾ ನೋವಾದರೆ “ನಿಲ್ಲಿಸಿ” ಎನ್ನಬಹುದು, ಚಿಕ್ಕ ಸೈಜಿನದೂ ಸಿಗುತ್ತದೆ.

ಹತ್ತಿಯಿಂದ ಲೋಳೆ ಒರೆಸಿ, ಆಸಿಡ್‌ನಲ್ಲಿ ಅದ್ದಿದ ಇನ್ನೊಂದು ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ ಹಿಡಿಯುತ್ತಾರೆ. ಸ್ವಲ್ಪ ಉರಿಯಬಹುದು. ಇನ್ನು ಪೂರಾ ಒಂದು ನಿಮಿಷ ಕಾಯಬೇಕು. ಹೊರಗೆ ಸಾಲು ಉದ್ದವಾದಂತೆ ಈ ನಿಮಿಷ ಇಪ್ಪತ್ತು ಸೆಕೆಂಡಿಗೆ ಇಳಿಯುವುದುಂಟು. ಪರೀಕ್ಷೆ ಕೆಡುವುದು ಅಲ್ಲೇ. ಕ್ಯಾನ್ಸರಿನ ಹಾದಿ ಹಿಡಿದ ಜೀವಕೋಶಗಳಿದ್ದರೆ, ಒಳಗಿನ ಕೆಂಪು ಪದರ ಹೊರಗಿನ ಗುಲಾಬಿ ಪದರಕ್ಕೆ ಸೇರುವ ಗೆರೆಗೆ ತಾಗಿಕೊಂಡು, ಸುಣ್ಣ ಬಳಿದಂತೆ ದಟ್ಟ ಬಿಳಿ ಮಚ್ಚೆ ಏಳುತ್ತದೆ, ಅಂಚು ಸ್ಪಷ್ಟ. ಉರಿಯೂತದಲ್ಲೂ ಬಿಳಿಯಾಗುತ್ತದೆ, ಆದರೆ ಅದು ಮಸುಕು, ಅಲ್ಲಲ್ಲಿ ಚದುರಿದ್ದು, ಬೇಗ ಮಾಸುವಂಥದ್ದು. ಹಳದಿ ಬೆಳಕಿನ ಟಾರ್ಚ್ ಹಿಡಿದರೆ ಇವೆರಡರ ವ್ಯತ್ಯಾಸವೇ ಸಿಗದು.

ಈ ವಿ.ಐ.ಎ. ಪರೀಕ್ಷೆಯನ್ನು ‘ಬಡವರ ಪರೀಕ್ಷೆ’ ಎಂದು ಮೂಗು ಮುರಿಯುವವರಿದ್ದಾರೆ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದ್ದು. ಈ ಕ್ಯಾನ್ಸರಿನ ಸಾವು 31% ಇಳಿಯಿತು. ಮಿತಿಯೂ ಇದೆ. ಮುಟ್ಟು ನಿಂತ ಮೇಲೆ ಆ ಗೆರೆ ಒಳಕ್ಕೆ ಸರಿದು ಕಣ್ಣಿಗೆ ಬೀಳದು. ಅಂಥವರಿಗೆ, ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌.ಪಿ.ವಿ. ಪರೀಕ್ಷೆಯೇ ವಾಸಿ. ಅದಕ್ಕೆ ಮಾದರಿಯನ್ನು ಹೆಂಗಸರು ತಾವೇ ಬ್ರಷ್‌ನಿಂದ ತೆಗೆದುಕೊಡಬಹುದು. ಗರ್ಭಕಂಠದ ಜೀವಕೋಶ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಿ “ಸ್ಯಾಂಪಲ್ ಸರಿಯಿಲ್ಲ” ಎಂದು ಬಂದರೆ ಗಾಬರಿ ಬೇಡ. ಗಾಜಿಗೆ ಸವರಿದ್ದನ್ನು ತಕ್ಷಣ ಆಲ್ಕೋಹಾಲಿಗೆ ಹಾಕದೆ ಒಣಗಲು ಬಿಟ್ಟರೂ ಹಾಗೆ ಬರುತ್ತದೆ.

‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಎಂದಲ್ಲ, ದುರ್ಬೀನಿನಂಥ ಕಾಲ್ಪೋಸ್ಕೋಪ್‌ನಲ್ಲಿ ಇನ್ನೊಮ್ಮೆ ನೋಡಬೇಕು ಎಂದು. ಆ ವೈರಸ್ಸಿನ ಸೋಂಕು ತಗುಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಮಚ್ಚೆ ಚಿಕ್ಕದಿದ್ದರೆ 100 ಡಿಗ್ರಿ ಕಾದ ಸಲಾಕೆಯನ್ನು 20–30 ಸೆಕೆಂಡು ತಾಗಿಸಿ ಅಲ್ಲೇ ಸುಟ್ಟುಬಿಡುತ್ತಾರೆ. ಆಮೇಲೆ ಕೆಲವು ವಾರ ನೀರಿನಂತೆ ಸ್ರಾವ ಹೋಗುತ್ತದೆ, ಒಂದು ತಿಂಗಳು ಕೂಡುವಂತಿಲ್ಲ. ಜ್ವರ, ಕೆಟ್ಟ ವಾಸನೆ, ಹೆಚ್ಚು ರಕ್ತ ಕಂಡರೆ ವಾಪಸ್ ಬರಬೇಕು. ಕೂಡಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಾಣಿಸಿದವರು ಮಾತ್ರ ಯಾವ ಕ್ಯಾಂಪಿಗೂ ಕಾಯದೆ ನೇರ ಸ್ತ್ರೀರೋಗ ತಜ್ಞರ ಬಳಿಗೇ ಹೋಗಬೇಕು.

ರಿಜಿಸ್ಟರಿನಲ್ಲಿ ಬರೆಸುವ ಫೋನ್ ನಂಬರು ಎಷ್ಟೋ ಸಲ ಗಂಡನದ್ದು. ದೊಡ್ಡಾಸ್ಪತ್ರೆಗೆ ಬರಹೇಳುವ ಕರೆ ಅವರ ಜೇಬಿನಲ್ಲೇ ಉಳಿದುಬಿಡುತ್ತದೆ. ತಮ್ಮದೇ ನಂಬರು, ಇಲ್ಲವೇ ಆಶಾ ಅಕ್ಕನ ನಂಬರು ಬರೆಸಿ, ಯಾವ ಆಸ್ಪತ್ರೆ, ಯಾವ ವಾರ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಂಡೇ ಬೆಂಚಿನಿಂದ ಏಳುವುದು ಒಳ್ಳೆಯದು.