ಐಸಿಸ್‌ಗೆ ನ್ಯೂಟ್ರಾನ್ ಪ್ರಯೋಗಕ್ಕೆ ಹೊರಟವರಿಗೆ: ಸ್ಯಾಂಪಲ್ ನಿಮ್ಮ ಜೊತೆ ವಾಪಸ್ ಬರುತ್ತದೆಂದು ನಂಬಬೇಡಿ

ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್ಟನ್ ಪ್ರಯೋಗಾಲಯದಲ್ಲಿ ನ್ಯೂಟ್ರಾನ್ ಬೀಮ್ ಒದಗಿಸುವ ಕೇಂದ್ರ ಐಸಿಸ್‌ಗೆ ಮೊದಲ ಸಲ ಹೋಗುವವರಿಗೆ ಪೆಟ್ಟು ಬೀಳುವುದು ಕೊನೆಯ ದಿನ. ಬೀಮ್‌ನಿಂದ ತೆಗೆದ ಸ್ಯಾಂಪಲ್ ನ್ಯೂಟ್ರಾನ್ ತಾಗಿ ವಿಕಿರಣ ಸೂಸುತ್ತಿದ್ದರೆ ಅಲ್ಲೇ ಬಿಟ್ಟು ಬರಬೇಕು. ಅದರಲ್ಲಿ ಕೋಬಾಲ್ಟ್ ಇದ್ದರೆ ಕಥೆ ಇನ್ನೂ ಉದ್ದ, ಕೋಬಾಲ್ಟ್-60ರ ಅರ್ಧಾಯುಷ್ಯವೇ 5.27 ವರ್ಷ. ಹಾಗಾಗಿ ಅದೇ ಬ್ಯಾಚಿನ ಒಂದೆರಡು ಗ್ರಾಂ ಊರಲ್ಲೇ ಎತ್ತಿಡಿ. ಕಾಂತಗುಣ, ಎಕ್ಸ್-ರೇ ಅಳತೆಗಳನ್ನೆಲ್ಲ ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಅರ್ಜಿ ಹಾಕಲು ವರ್ಷಕ್ಕೆ ಎರಡು ಸುತ್ತು. ಅದಕ್ಕೂ ಮೊದಲು ಆ ಉಪಕರಣ ನೋಡಿಕೊಳ್ಳುವ ವಿಜ್ಞಾನಿಗೆ ಒಂದು ಇಮೇಲ್ ಹಾಕಿ, ಅವರ ಜೊತೆ ಮಾತಾಡದೆ ಬರೆದ ಪ್ರಸ್ತಾವ ಓದಿದರೇ ಗೊತ್ತಾಗುತ್ತದೆ. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ತೆಗೆದ ಒಂದು ಡಿಫ್ರಾಕ್ಷನ್ ಪ್ಯಾಟರ್ನ್ (ಸ್ಯಾಂಪಲ್‌ನಿಂದ ನ್ಯೂಟ್ರಾನ್‌ಗಳು ಚದುರಿದ ನಕ್ಷೆ) ಜೊತೆಗಿದ್ದರೆ ಪ್ರಸ್ತಾವಕ್ಕೆ ತೂಕ ಬರುತ್ತದೆ. ವಿಶ್ವವಿದ್ಯಾಲಯದವರಿಗೆ ಧ್ರುವಕ್ಕೆ ದಾರಿ ಯುಜಿಸಿ-ಡಿಎಇ (ಯುಜಿಸಿ ಮತ್ತು ಅಣುಶಕ್ತಿ ಇಲಾಖೆ) ಸಂಶೋಧನಾ ಕೇಂದ್ರದ ಮುಂಬೈ ಶಾಖೆ. ಸ್ಯಾಂಪಲ್‌ನಲ್ಲಿ ಗ್ಯಾಡೊಲಿನಿಯಂ, ಬೋರಾನ್, ಕ್ಯಾಡ್ಮಿಯಂ ಇದ್ದರೆ ನ್ಯೂಟ್ರಾನ್‌ಗಳನ್ನು ಅವೇ ನುಂಗಿಬಿಡುತ್ತವೆ. ಬೋರಾನ್ ಬೇಕೇ ಬೇಕೆಂದರೆ ನ್ಯೂಟ್ರಾನ್ ಅಷ್ಟಾಗಿ ನುಂಗದ ಐಸೊಟೋಪ್ ಬೋರಾನ್-11 ಬಳಸಿ ತಯಾರಿಸಿ.

ಹೆಚ್ಚು ಸಮಯ ಹಾಳಾಗುವುದು ಸ್ಯಾಂಪಲ್ ಪುಡಿ ತುಂಬುವಲ್ಲಿ. ಪುಡಿ ಹಾಕುವ ವೆನೇಡಿಯಂ ಲೋಹದ ಡಬ್ಬಿಯನ್ನು (ಕ್ಯಾನ್) ಗಾಳಿಯಲ್ಲೇ ಮುಚ್ಚಿದರೆ, ತಣಿಸುವಾಗ ಒಳಗಿನ ಗಾಳಿ ಹೆಪ್ಪುಗಟ್ಟಿ ಕಣಗಳ ನಡುವೆ ಶಾಖ ಸಾಗಿಸಲು ಏನೂ ಉಳಿಯುವುದಿಲ್ಲ. ಸೆನ್ಸರ್ 2 ಕೆಲ್ವಿನ್ ತೋರಿಸುತ್ತಿದ್ದರೂ ಪುಡಿ ಅಷ್ಟು ತಣಿದಿರುವುದಿಲ್ಲ. ಹೀಲಿಯಂ ಹಾಗೆ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಹೀಲಿಯಂ ಗ್ಲೋವ್ ಬಾಕ್ಸಿನಲ್ಲಿ (ಕೈಗವಸು ಅಳವಡಿಸಿದ, ಗಾಳಿ ಆಡದ ಪೆಟ್ಟಿಗೆ) ತುಂಬಿ, ಇಂಡಿಯಂ ತಂತಿಯಿಂದ ಸೀಲ್ ಮಾಡಿ. ಕುಲುಮೆಗೆ ಹೋಗುವ ಕ್ಯಾನ್‌ಗೆ ಮಾತ್ರ ಇಂಡಿಯಂ ಬೇಡ, 157 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಪುಡಿಯ ತೇವ ಮೊದಲೇ ತೆಗೆದಿರಬೇಕು. ನೀರಿನ ಹೈಡ್ರೋಜನ್ ಇದ್ದಷ್ಟೂ ಡೇಟಾದಲ್ಲಿ ಬೇಡದ ಹಿನ್ನೆಲೆ ಸಂಕೇತ ಏರುತ್ತದೆ.

ಅಳತೆಯ ಸ್ಕ್ರಿಪ್ಟ್ ಬರೆಯುವಾಗ ನಿಮಿಷ ಹಾಕಬೇಡಿ, ಮೈಕ್ರೊಆಂಪ್-ಅವರ್ (ನಿಜವಾಗಿ ಬಂದ ಬೀಮ್‌ನ ಲೆಕ್ಕ) ಹಾಕಿ. ರಾತ್ರಿ ಬೀಮ್ ನಿಂತರೆ ಗಡಿಯಾರ ಓಡುತ್ತದೆ, ಡೇಟಾ ಸೇರುವುದಿಲ್ಲ. ನಿಮಿಷ ನಂಬಿ ಮಲಗಿದವರಿಗೆ ಬೆಳಿಗ್ಗೆ ಖಾಲಿ ಫೈಲ್‌ಗಳು ಸಿಗುತ್ತವೆ.

ಹೀಥ್ರೂದಿಂದ ಟ್ಯಾಕ್ಸಿ ಹಿಡಿಯುವುದು ದುಡ್ಡು ದಂಡ. ರೀಡಿಂಗ್‌ಗೆ ರೈಲ್‌ಏರ್ ಬಸ್, ಅಲ್ಲಿಂದ ಡಿಡ್‌ಕಾಟ್ ಪಾರ್ಕ್‌ವೇಗೆ ಕಾಲು ಗಂಟೆಯ ರೈಲು. ಕಷ್ಟವಿರುವುದು ಡಿಡ್‌ಕಾಟ್‌ನಿಂದ ಐಸಿಸ್ ಇರುವ ಹಾರ್ವೆಲ್ ಕ್ಯಾಂಪಸ್‌ವರೆಗಿನ ಕೊನೆಯ ತುಂಡಿನಲ್ಲಿ. ಭಾನುವಾರ ರಾತ್ರಿ ಬಸ್ ನೆಚ್ಚಿಕೊಂಡು ಇಳಿದರೆ ಚಳಿಯಲ್ಲಿ ಪೆಟ್ಟಿಗೆ ಹಿಡಿದು ನಿಲ್ಲಬೇಕು. ಟ್ಯಾಕ್ಸಿಯ ದುಡ್ಡನ್ನು ಈ ತುಂಡಿಗೇ ಉಳಿಸಿಕೊಳ್ಳಿ. ಆದಷ್ಟೂ ವಾರದ ದಿನ ಬೆಳಕಿರುವಾಗ ತಲುಪುವಂತೆ ಟಿಕೆಟ್ ಮಾಡಿಸಿ.

ಸಸ್ಯಾಹಾರಿಗಳಿಗೆ ಕ್ಯಾಂಟೀನಿನ ಜಾಕೆಟ್ ಪೊಟ್ಯಾಟೊ ದೊಡ್ಡ ಆಸರೆ. ಸಿಪ್ಪೆ ಗರಿಗರಿಯಾಗುವ ತನಕ ಬೇಯಿಸಿದ ದಪ್ಪ ಆಲೂಗಡ್ಡೆಯನ್ನು ಸೀಳಿ, ಬೆಣ್ಣೆ ಹಚ್ಚಿ, ಮೇಲೆ ಬಿಸಿ ಬೇಕ್ಡ್ ಬೀನ್ಸ್ (ಟೊಮೆಟೊ ರಸದಲ್ಲಿ ಬೇಯಿಸಿದ ಕಾಳು), ತುರಿದ ಚೀಸ್. ಅಗ್ಗ, ಹೊಟ್ಟೆ ತುಂಬುತ್ತದೆ, ಮಧ್ಯಾಹ್ನ ತಿಂದರೆ ರಾತ್ರಿವರೆಗೆ ತಡೆಯುತ್ತದೆ. ಚಟ್ನಿಪುಡಿ ಇದ್ದರೆ ಇನ್ನೂ ಚೆನ್ನ. ರಾತ್ರಿ ಪಾಳಿಗೆ ಬೇಕಾದ ಬ್ರೆಡ್ಡು, ಹಣ್ಣು, ಮೊಸರನ್ನು ಡಿಡ್‌ಕಾಟ್‌ನ ಸೂಪರ್‌ಮಾರ್ಕೆಟ್ಟಿನಲ್ಲೇ ಕೊಂಡು ಹೋಗಿ.